ಬಾಗಿಲು ನಡುಗೈತಿ

ನಮ್ಮೂರಿಗೆ ಸೊಸೆಯಾಗಿ ಬರುವವಳು ತನ್ನ ಬಾಗಿಲನ್ನು ತಾನೇ ತರುತ್ತಾಳೆ. ತೇಗವೋ ಮತ್ತಿಯೋ ಬೇವೋ, ತವರಿನವರು ತಮ್ಮ ಕೈಗೆಟುಕಿದ ಮರ ಕೊಯ್ಯಿಸಿ, ಚೌಕಟ್ಟಿನ ಸಮೇತ ಮಾಡಿಸಿ, ಅರಿಶಿನ ಬಳಿದು ಚಕ್ಕಡಿಯ ಮೇಲೆ ಮಲಗಿಸಿ ಕಳಿಸುತ್ತಾರೆ. ಬಾಗಿಲು ಮುಂದೆ, ಮದುಮಗಳು ಹಿಂದೆ. ಗಂಡನ ಮನೆ ಮುಟ್ಟಿದ ಮೇಲೆ ಅತ್ತೆಯ ಬಾಗಿಲು ಹಿತ್ತಲಿಗೆ ಸರಿಯುತ್ತದೆ, ಸೊಸೆಯದು ಬೀದಿಯ ಕಡೆ ನಿಲ್ಲುತ್ತದೆ. ಚಿಕ್ಕವಳಿದ್ದಾಗ ಮದುವೆಯ ನಿಬ್ಬಣ ಬಂತೆಂದರೆ ಎಲ್ಲರೂ ಮದುಮಗಳ ಮುಖ ನೋಡಲು ನುಗ್ಗುತ್ತಿದ್ದರು, ನಾನೊಬ್ಬಳು ಬಾಗಿಲಿನ ಮುಖ ನೋಡುತ್ತ ಚಕ್ಕಡಿಯ ಜೊತೆ ಓಡುತ್ತಿದ್ದೆ. ಒಂದರ ಮೇಲೆ ಜೋಡಿ ಗಿಳಿ, ಒಂದರ ಮೇಲೆ ಜೋಳದ ತೆನೆ. ಫಕೀರಪ್ಪನ ಹೆಂಡತಿಯಾಗಿ ಬಂದ ಸಾವಂತ್ರಕ್ಕನ ಬಾಗಿಲಿನ ಮೇಲೆ ಏನೂ ಇರಲಿಲ್ಲ, ಆದರೆ ಬೇವಿನ ಮರದ ಅದರ ಗೆರೆಗಳು ನೀರಿನಲ್ಲಿ ಕಲ್ಲು ಬಿದ್ದ ಹಾಗೆ ಸುತ್ತು ಸುತ್ತಾಗಿ ಹರಡಿಕೊಂಡಿದ್ದವು. ಅಷ್ಟು ಚಂದದ ಬಾಗಿಲು ನಮ್ಮ ಬೀದಿಗೆ ಮತ್ತೆ ಬಂದಿಲ್ಲ.

ಹಾಗೆ ಬಂದ ಬಾಗಿಲು ಒಂದೊಂದು ಸಲ ಎದ್ದು ಹೋಗುತ್ತದೆ. ಮನೆಯವರ ಕೈಯಿಂದಲೇ ಮನೆಯವರ ಜೀವ ಹೋದಾಗ ಮಾತ್ರ. ಕಳ್ಳ ಕೊಂದರೆ, ಜ್ವರ ಕೊಂದರೆ, ಹಾವು ಕಚ್ಚಿದರೆ ಅದು ಮಿಸುಕುವುದಿಲ್ಲ. ಅಣ್ಣನನ್ನು ತಮ್ಮ, ಮಗನನ್ನು ಅಪ್ಪ, ಹೆಂಡತಿಯನ್ನು ಗಂಡ ಮುಗಿಸಿದನೆಂದರೆ ಗೋಡೆಯಿಂದ ಚೌಕಟ್ಟಿನ ಸಮೇತ ಬಿಡಿಸಿಕೊಂಡು, ನೆಟ್ಟಗೆ ನಿಂತ ನಿಲುವಿನಲ್ಲೇ ಬೀದಿಯುದ್ದಕ್ಕೂ ನಡೆದು, ಊರ ಮೂಡಲಿಗಿರುವ ಗುಡ್ಡ ಹತ್ತಿ, ಹಿಂದೆ ಬಂದವುಗಳಿಗಿಂತ ಒಂದಿಷ್ಟು ಮೇಲೆ ಜಾಗ ಹಿಡಿದು ನಿಂತುಬಿಡುತ್ತದೆ. ಸತ್ತವನು ಗಂಡಸಾದರೆ ತೆರೆದುಕೊಂಡು ನಿಲ್ಲುತ್ತದೆ, ಹೆಂಗಸಾದರೆ ಮುಚ್ಚಿಕೊಂಡು. ತೆರೆದು ನಿಂತದ್ದನ್ನು ನಾವು ಬಾಗಿಲು ಅನ್ನುತ್ತೇವೆ, ಮುಚ್ಚಿ ನಿಂತದ್ದನ್ನು ಕದ ಅನ್ನುತ್ತೇವೆ. ಬೇರೆ ಊರುಗಳಲ್ಲಿ ಎರಡೂ ಒಂದೇ ಎಂದು ಸಂತೆಗೆ ಹೋಗಿ ಬಂದವರು ಹೇಳುತ್ತಾರೆ. ನಮ್ಮಲ್ಲಿ ಹಾಗಲ್ಲ. ಬಾಗಿಲು ಎದ್ದು ಹೋದ ಮನೆಗೆ ಆಮೇಲೆ ಯಾವ ಬಾಗಿಲೂ ನಿಲ್ಲುವುದಿಲ್ಲ. ಬಡಿಗೇರ ಮೌನಪ್ಪ ಎಷ್ಟೇ ಭದ್ರವಾಗಿ ಕೂಡಿಸಿ ಹೋಗಲಿ, ಬೆಳಗಾಗುವಷ್ಟರಲ್ಲಿ ಅದು ಅಂಗಳದಲ್ಲಿ ಅಂಗಾತ ಬಿದ್ದಿರುತ್ತದೆ.

ನಾನು ಬೆಳೆದದ್ದು ಅಂಥದೊಂದು ಮನೆಯಲ್ಲೇ. ನಮ್ಮದು ಹಗ್ಗ ಹೊಸೆಯುವವರ ಬೀದಿ. ಹಗ್ಗಕ್ಕೆ ಹುರಿ ಹಾಕಲು ಉದ್ದ ಬೇಕಲ್ಲ, ಅದಕ್ಕೇ ಬೀದಿ ಎಳೆದ ದಾರದಂತೆ ನೆಟ್ಟಗಿದೆ. ಅಪ್ಪ ಅವ್ವ ಹಗ್ಗದ ಸುರುಳಿಗಳನ್ನು ಹೇರಿಕೊಂಡು ದೂರದ ಸಂತೆಗಳಿಗೆ ಹೋದರೆ ಬರುವುದು ಮಳೆಗಾಲಕ್ಕೇ, ಹಾಗಾಗಿ ನಾನು ನೀಲವ್ವಜ್ಜಿಯ ಪಾಲು. ಬಾಗಿಲಿರಬೇಕಾದ ಕಡೆ ಅಜ್ಜಿ ಪುಂಡಿನಾರಿನ ಹಗ್ಗಗಳನ್ನು ಸಾಲಾಗಿ ಇಳಿಬಿಟ್ಟಿದ್ದಳು. ಗಾಳಿ ಬಂದಾಗ ಅವು ಒಂದಕ್ಕೊಂದು ತಾಕಿ ಪಿಸುಗುಡುತ್ತಿದ್ದವು. ಆ ಪಿಸುಮಾತಿಗೆ ಹೂಂಗುಟ್ಟುತ್ತ ಅಜ್ಜಿ ಕಥೆ ಹೇಳುತ್ತಿದ್ದಳು. ರಾಜಕುಮಾರರು ಏಳು ಸಮುದ್ರ ದಾಟಿದ ಕಥೆ ಮುಗಿಯುವಾಗ ಅವಳ ಸ್ವಂತ ಕಥೆ ಶುರುವಾಗಿರುತ್ತಿತ್ತು. ಎಲ್ಲಿ ಒಂದು ಮುಗಿದು ಇನ್ನೊಂದು ಹತ್ತಿತು ಎಂಬುದು ನನಗೆ ಯಾವತ್ತೂ ತಿಳಿಯುತ್ತಿರಲಿಲ್ಲ.

"ನಿಮ್ಮಜ್ಜಗ ಅವನ ತಮ್ಮಗ ಹಗ್ಗಕ್ಕ ಹುರಿ ಹಾಕೂ ಗೂಟದ ಜಾಗಕ್ಕ ಜಗಳ. ನೆಳ್ಳಾಗಿಂದು ಯಾರಿಗೆ, ಬಿಸಿಲಾಗಿಂದು ಯಾರಿಗೆ ಅಂತ. ಅಷ್ಟಽ. ಗೂಟಾ ಕಿತ್ತಾವ ತಮ್ಮ, ತಲಿಗೆ ಬಿತ್ತು ಅಣ್ಣಗ. ನನ್ನ ತೇಗದ ಬಾಗಿಲಾ, ಕೇಳಬೇ ಕಸ್ತೂರಿ, ಮದಲಗಿತ್ತಿ ಹಂಗ ಒಂದ ಸಲ ತಿರುಗಿ ನನ್ನ ನೋಡ್ತು, ಹೊಂಟಽ ಬಿಡ್ತು. ಗಂಡನೂ ಹೋದ, ತವರ ಬಾಗಿಲಾನೂ ಹೋತು."

ಆ ಕಥೆಯಲ್ಲಿ ನನಗೆ ಇಷ್ಟವಾದ ಭಾಗ ಬರುವುದು ಆಮೇಲೆ. ಒಬ್ಬ ಮಗ ಮಣ್ಣಿಗೆ, ಒಬ್ಬ ಮಗ ಸೆರೆಮನೆಗೆ ಹೋದ ಮೇಲೆ ಅಜ್ಜಿಯ ಅತ್ತೆ ಮಾತು ಬಿಟ್ಟಳಂತೆ. ಕೆಲವು ತಿಂಗಳು ಕಳೆದು ಪಕ್ಕದ ಮನೆಯ ಅಣ್ಣತಮ್ಮಂದಿರು ಜಗಳಕ್ಕೆ ಬಿದ್ದರು. ಅವರ ಬಾಗಿಲು ನಡುಗತೊಡಗಿತು. ಹೋಗುವ ಮುಂಚೆ ಬಾಗಿಲುಗಳು ಹಾಗೆ ನಡುಗುತ್ತವೆ, ದುಂಬಿ ಹೊಕ್ಕ ಬಿದಿರಿನ ಹಾಗೆ ಒಳಗೊಳಗೇ ಗುಂಯ್‌ಗುಡುತ್ತವೆ. ಮುದುಕಿ ಎದ್ದು ಹೋಗಿ ಆ ಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು. ಎಬ್ಬಿಸಿದರೂ ಏಳಲಿಲ್ಲ. ನೀರು ಕೇಳಿದಳು. ಅಣ್ಣ ನೀರು ತಂದ. ಇನ್ನೊಂದು ಚೆರಿಗೆ ಕೇಳಿದಳು. ತಮ್ಮ ತಂದ. ಬಾಗಿಲು ನಡುಗುವುದನ್ನು ನಿಲ್ಲಿಸುವವರೆಗೂ ಅವಳು ಏಳಲಿಲ್ಲ, ಅವರು ನೀರು ತರುವುದು ತಪ್ಪಲಿಲ್ಲ. ಅಲ್ಲಿಂದ ನಮ್ಮೂರಿಗೆ ಹೊಸ್ತಿಲು ಹಿಡಿಯುವ ಪದ್ಧತಿ ಬಂತು. "ಬಾಗಿಲು ನಡುಗೈತಿ" ಎಂದು ಯಾರಾದರೂ ಕೂಗಿದರೆ ಕೇಳಿದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು, ಹೊಸ್ತಿಲ ಮೇಲೆ ಕೂರಬೇಕು, ಜಾಗ ಸಿಗದವರು ಕಟ್ಟೆಯ ಮೇಲೆ, ಅಲ್ಲೂ ಸಿಗದವರು ಬೀದಿಯಲ್ಲಿ. ಕೂತವರು ಬಾಗಿಲು ಶಾಂತವಾಗುವವರೆಗೆ ಏಳುವಂತಿಲ್ಲ. ಮನೆಯ ಗಂಡಸು ತನ್ನ ಕೈಯಾರೆ ಎಲ್ಲರಿಗೂ ನೀರು ಕೊಡಬೇಕು.

"ಎರಡೂ ಕೈಯಾಗ ಕೊಡಾ ಹಿಡಕೊಂಡಾಂವ ಮತ್ತೇನ ಹಿಡೀತಾನಬೇ?" ಎಂದು ಅಜ್ಜಿ ನಗುತ್ತಿದ್ದಳು.

ಈ ಸಲದ ಬೇಸಿಗೆಗೆ ಊರಿನ ಹಿರಿಯ ಅಡಿವೆಪ್ಪಜ್ಜ ಡಂಗುರ ಹೊಡೆಸಿದರು. ಗುಡ್ಡಕ್ಕೆ ಬಾಗಿಲು ಬರುವುದು ನಿಂತು ಒಂದು ತಲೆಮಾರೇ ಆಯಿತು, ಗುಡ್ಡ ತಣ್ಣಗಾಗಿದೆ, ಆದ್ದರಿಂದ ತಂಪಿನ ಹಬ್ಬ ಮಾಡಿ ದಾರಿಗೆ ಹಗ್ಗ ಕಟ್ಟಿ ಗುಡ್ಡವನ್ನು ಮುಚ್ಚಿಬಿಡೋಣ ಎಂದು. ಎಂಥ ಸಡಗರ ಅಂತೀರಿ! ಬೀದಿಯ ತುಂಬ ಬಣ್ಣ ಹಾಕಿದ ಹಗ್ಗದ ತೋರಣ, ಮನೆಮನೆಯಲ್ಲಿ ಹೋಳಿಗೆಯ ಕಂಪು. ಹುಡುಗಿಯರಿಗೆಲ್ಲ ಒಂದೊಂದು ಕೆಲಸ ಹಂಚಿದರು. ನನಗೆ ಬಂದದ್ದು ಎಲ್ಲಕ್ಕಿಂತ ದೊಡ್ಡದು: ಗುಡ್ಡ ಹತ್ತಿ, ಕೊನೆಯ ಬಾಗಿಲಿಗೆ ಹೂವಿನ ಹಗ್ಗ ಕಟ್ಟಿ ಬರುವುದು. ನನ್ನ ಖುಷಿಗೆ ಅಜ್ಜಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟೆ.

"ಇಳಸಬೇ ನನ್ನ! ಬಿದ್ದು ಸತ್ತರ ನಿನ್ನ ಕೈಯಿಂದ ಸತ್ತಂಗ ಆಗತೈತಿ. ಎದ್ದು ಹೋಗಾಕ ನಮಗ ಬಾಗಿಲಾನೂ ಇಲ್ಲ!"

ಹೂವಿನ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ಹೋಗುವಾಗ ಸಾವಂತ್ರಕ್ಕನ ಮನೆಯ ಮುಂದೆ ಮೌನಪ್ಪ ಕೂತು ಚೌಕಟ್ಟಿನ ಸಂದಿಗೆ ಬೆಣೆ ಬಡಿಯುತ್ತಿದ್ದ.

"ಹಬ್ಬದ ದಿನಾನೂ ಕೆಲಸೇನೋ ಮೌನಪ್ಪಣ್ಣಾ?"

"ಏನ್ ಮಾಡೂದವ್ವಾ, ಫಕೀರಪ್ಪ ಹೇಳಿ ಕಳಿಸಿದ್ದ. ಕದಾ ಅಲಗಾಡಾಕತ್ತೈತಂತ. ಎಷ್ಟು ಬೆಣಿ ಬಡದರೂ ನಿಲ್ಲವಲ್ದು."

ಒಳಗೆ ನಡುಮನೆಯಲ್ಲಿ ಸಾವಂತ್ರಕ್ಕ ನಾರು ಬಿಡಿಸುತ್ತಿದ್ದಳು. ಅಂಥ ಸೆಕೆಯಲ್ಲೂ ಸೆರಗನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ನಾನು ಕೈ ಬೀಸಿದೆ, ಅವಳೂ ಬೀಸಿದಳು. ಬಾಗಿಲು ಗುಂಯ್‌ ಎನ್ನುತ್ತಿತ್ತು. ಮೌನಪ್ಪ ಹೇಳಿದ್ದು ಕದ. ಗಂಡಹೆಂಡಿರ ಮನೆಯಲ್ಲಿ ಅಲುಗಾಡಿದರೆ ಅದಕ್ಕೆ ಬಡಿಗೇರನನ್ನು ಕರೆಯುತ್ತಾರೆ, ಹೊಸ್ತಿಲು ಹಿಡಿಯುವುದಿಲ್ಲ. ನಾನು ಹಾಡಿಕೊಳ್ಳುತ್ತ ಮುಂದೆ ನಡೆದೆ.

ಗುಡ್ಡದ ಬುಡದಲ್ಲಿ ಅಜ್ಜಿಯ ಕಥೆಗಳೆಲ್ಲ ಸಾಲುಗಟ್ಟಿ ನಿಂತಿದ್ದವು. ಗೆದ್ದಲು ತಿಂದ ಬಾಗಿಲು, ಬಣ್ಣ ಸೀದ ಬಾಗಿಲು, ಒಳಗಿನಿಂದ ಬಳ್ಳಿ ಹಬ್ಬಿಸಿಕೊಂಡ ಬಾಗಿಲು. ಇವೆಲ್ಲ ತೆರೆದುಕೊಂಡಿದ್ದವು. ಎಷ್ಟೊಂದು ಅಂತೀರಿ! ಒಂದರ ಭುಜಕ್ಕೆ ಒಂದು ಭುಜ ತಾಗಿಸಿ ನಿಂತಿದ್ದವು. ಆಗಿನ ಕಾಲದಲ್ಲಿ ಅಣ್ಣತಮ್ಮಂದಿರು ಮಾಡುತ್ತಿದ್ದದ್ದು ಅದೊಂದೇ ಕೆಲಸವೇನೋ. ಅವುಗಳ ನಡುನಡುವೆ ಅಲ್ಲೊಂದು ಇಲ್ಲೊಂದು ಕದ. ಸ್ವಲ್ಪ ಮೇಲೆ ಹತ್ತಿದೆ, ಅಜ್ಜಿಯ ತೇಗದ ಬಾಗಿಲು ಸಿಕ್ಕಿತು. ಅದರ ಹಿತ್ತಾಳೆಯ ಉಂಗುರ ಸವರಿ, ಒಳಗಿನಿಂದ ಹಾದು ಆಚೆ ಹೋದೆ. ಅಲ್ಲಿಂದ ಮೇಲೆ ಬಾಗಿಲುಗಳು ವಿರಳವಾದವು. ಮುತ್ತಜ್ಜಿ ಹೊಸ್ತಿಲ ಮೇಲೆ ಕೂತ ಕಾಲ! ಒಬ್ಬ ಮುದುಕಿ ಕೂತದ್ದಕ್ಕೆ ಗುಡ್ಡದ ಮೈಯೇ ಬದಲಾಗಿದೆ. ನನಗೆ ರೋಮಾಂಚನವಾಗಿ ಚಪ್ಪಾಳೆ ತಟ್ಟಿಬಿಟ್ಟೆ. ಇನ್ನೂ ಮೇಲಕ್ಕೆ ಓಡಿದೆ. ಅಲ್ಲೊಂದು, ಬಹಳ ಮೇಲೆ ಇನ್ನೊಂದು, ಆಮೇಲೆ ಕೊನೆಯದು. ಹೂವಿನ ಹಗ್ಗವನ್ನು ಅದಕ್ಕೆ ಬಿಗಿದು, ಗಂಟು ಹಾಕಿ, ಬೆವರು ಒರೆಸಿಕೊಂಡು ತಲೆ ಎತ್ತಿದೆ.

ಕೊನೆಯ ಬಾಗಿಲು ಗುಡ್ಡದ ತುದಿಯಲ್ಲಿರಲಿಲ್ಲ. ಗುಡ್ಡದ ನಡುವಿನಲ್ಲಿತ್ತು.

ಅದರ ಆಚೆ ಯಾರೂ ಹೋಗುವುದಿಲ್ಲ. ಆಚೆ ಏನಿದೆ ಎಂದು ಚಿಕ್ಕವರಿದ್ದಾಗ ಕೇಳಿದರೆ "ಏನಿಲ್ಲ, ಕದಾ ಅದಾವು" ಎನ್ನುತ್ತಿದ್ದರು. ನಾನು ಹೋದೆ. ಮುಚ್ಚಿದ್ದು, ಮತ್ತೆ ಮುಚ್ಚಿದ್ದು, ಮತ್ತೂ ಮುಚ್ಚಿದ್ದು. ಬುಡದಲ್ಲಿ ಒಂದು ಕದದಿಂದ ಇನ್ನೊಂದಕ್ಕೆ ಎಷ್ಟು ದೂರವಿತ್ತೋ ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಅವು ಹೆಚ್ಚಾಗಿರಲಿಲ್ಲ, ಆದರೆ ಕಡಿಮೆಯೂ ಆಗಿರಲಿಲ್ಲ. ಕೆಳಗೆ ಬಾಗಿಲುಗಳ ಗದ್ದಲದಲ್ಲಿ ಮರೆಯಾಗಿದ್ದವು, ಅಷ್ಟೇ. ಗದ್ದಲ ನಿಂತ ಮೇಲೆ ಇವು ತಮ್ಮ ಪಾಡಿಗೆ ತುದಿಯವರೆಗೂ ಹತ್ತುತ್ತಲೇ ಬಂದಿದ್ದವು. ಗಿಳಿಯ ಜೋಡಿಯ ಕದ ಇಲ್ಲಿತ್ತು. ಜೋಳದ ತೆನೆಯ ಕದ ಇಲ್ಲಿತ್ತು. ನಾನು ಚಕ್ಕಡಿಯ ಜೊತೆ ಓಡುತ್ತ ಬಂದ ಕದಗಳು ಅವು! ಆ ಮನೆಗಳವರು ಈಗ ಚಾಪೆ ತೂಗುಹಾಕಿಕೊಂಡಿದ್ದಾರೆ. ನೋಡಿದ್ದೆ, ನೋಡಿಯೂ ದಾಟಿ ಹೋಗಿದ್ದೆ. ಅಡಿವೆಪ್ಪಜ್ಜ ಸುಳ್ಳು ಹೇಳಿರಲಿಲ್ಲ. ಗುಡ್ಡಕ್ಕೆ ಬಾಗಿಲು ಬರುವುದು ನಿಜವಾಗಿಯೂ ನಿಂತಿತ್ತು. ನಿಂತದ್ದು ಬಾಗಿಲು ಮಾತ್ರ.

ತುತ್ತತುದಿಯ ಕದದ ಮುಂದೆ ಇನ್ನೊಂದು ಜಾಗ ಸಜ್ಜಾಗಿತ್ತು. ಹುಲ್ಲು ಎರಡೂ ಕಡೆ ತಾನಾಗಿ ಬಾಗಿಕೊಂಡಿತ್ತು, ಮಣ್ಣು ಒಂದು ಚೌಕಟ್ಟು ಕೂರುವಷ್ಟು ಅಗಲಕ್ಕೆ ಸಡಿಲಾಗಿತ್ತು. ಗುಡ್ಡ ಯಾರಿಗೋ ಕಾಯುತ್ತಿತ್ತು. ನನ್ನ ಕಿವಿಯಲ್ಲಿ ದುಂಬಿ ಗುಂಯ್‌ ಎಂದಿತು. ಬೆಣೆ ಬಡಿಯುವ ಸದ್ದು, ಬಿಗಿದ ಸೆರಗು.

ಹೇಗೆ ಇಳಿದೆನೋ ಗೊತ್ತಿಲ್ಲ. ಚಪ್ಪಲಿ ಎಲ್ಲಿ ಹೋದವೋ ಗೊತ್ತಿಲ್ಲ. ಕದಗಳು, ಬಾಗಿಲುಗಳು ನನ್ನ ಎರಡೂ ಪಕ್ಕ ಗಾಳಿಯ ಹಾಗೆ ಹಾದುಹೋದವು. ಬೀದಿಯಲ್ಲಿ ಎಲೆ ಹಾಸಿ ಸಾಲಾಗಿ ಊಟಕ್ಕೆ ಕೂರಿಸುತ್ತಿದ್ದರು. ಸಾವಂತ್ರಕ್ಕನ ಮನೆಯ ಮುಂದೆ ಮೌನಪ್ಪ ಇರಲಿಲ್ಲ. ಬಾಗಿಲು ಹಾಕಿತ್ತು. ಅದು ನಡುಗುವುದು ಈಗ ಬೀದಿಯ ಆಚೆಯಿಂದಲೇ ಕಾಣುತ್ತಿತ್ತು. ಬಡಿದಿದ್ದ ಬೆಣೆಗಳು ಒಂದೊಂದಾಗಿ ಟಪ್ಪನೆ ಉದುರುತ್ತಿದ್ದವು. ಕದ ಅಲುಗಾಡುತ್ತಿದೆ ಎಂದು ಕೂಗಿದರೆ ಒಬ್ಬರೂ ತಿರುಗಿ ನೋಡುವುದಿಲ್ಲ, ನನಗೆ ಗೊತ್ತಿತ್ತು. ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿದೆ.

"ಬಾಗಿಲು ನಡುಗೈತೀ! ಬಾಗಿಲು ನಡುಗೈತೀ!"

ಅಬ್ಬಾ, ಆ ಓಟ ನೋಡಬೇಕಿತ್ತು ನೀವು! ಹೋಳಿಗೆ ಬಡಿಸುತ್ತಿದ್ದವರು ಬುಟ್ಟಿ ಹಿಡಿದುಕೊಂಡೇ ಓಡಿ ಬಂದರು. ತುಪ್ಪದ ಕೈಯವರು, ಬಾಯಿ ತುಂಬಿದವರು, ಮಗು ಎತ್ತಿಕೊಂಡವರು. ಯಾರ ಮನೆ, ಯಾರ ಜಗಳ, ಒಬ್ಬರೂ ಕೇಳಲಿಲ್ಲ. ನಡುಗುವ ಬಾಗಿಲು ಕಂಡಿತು, ದೊಪ್ಪನೆ ಕೂತರು. ಹೊಸ್ತಿಲು ತುಂಬಿತು, ಕಟ್ಟೆ ತುಂಬಿತು, ಬೀದಿ ತುಂಬಿತು. ಅಡಿವೆಪ್ಪಜ್ಜನೇ ಕೋಲು ಊರಿಕೊಂಡು ಬಂದು ಹೊಸ್ತಿಲ ನಡುಮಧ್ಯ ಜಾಗ ಬಿಡಿಸಿಕೊಂಡು ಕೂತರು. ಆಮೇಲೆ ತಿರುಗಿ ನೋಡಿದರು.

"ಅಲ್ಲಲೇ, ಇದು ಫಕೀರಪ್ಪನ ಮನಿ. ಅವಗ ಅಣ್ಣಿಲ್ಲ, ತಮ್ಮಿಲ್ಲ. ಯಾರ ಜೋಡಿ ಜಗಳ?"

"ಸಾವಂತ್ರಕ್ಕನ ಜೋಡಿ" ಎಂದೆ.

"ಹುಚ್ಚ ಹುಡಗೀ! ಅದು ಕದಾ ಅಲ್ಲೇನಽ? ಏಳ್ರೋ, ಏಳ್ರಿ, ಊಟಾ ಆರತೈತಿ."

ಎರಡು ಮೂರು ಜನ ಸೊಂಟ ಎತ್ತಿದರು. ಆಗ ನೀಲವ್ವಜ್ಜಿ ತನ್ನ ಕುಂಟುಗಾಲು ಎಳೆದುಕೊಂಡು ಬಂದಳು, ಅಡಿವೆಪ್ಪಜ್ಜನ ಪಕ್ಕದಲ್ಲಿ ತೂರಿ ಕೂತಳು.

"ಕುಂತವರು ಏಳೂದುಂಟೇನೋ ಅಡಿವ್ಯಾ? ನಮ್ಮತ್ತಿ ಕುಂತಾಗ ಇದು ಬಾಗಿಲೋ ಕದಾನೋ ಅಂತ ಕೇಳಿ ಕುಂತಿದ್ದಳೇನು? ನಿನ್ನ ಜೀವಾ ಉಳದದ್ದಽ ಆಕಿ ಕುಂತದ್ದಕ್ಕ. ನಿಮ್ಮಣ್ಣನ ಕೈಯಾಗ ಕುಡಗೋಲಿತ್ತು ಆವತ್ತ. ಮರತಿ?"

ಅಡಿವೆಪ್ಪಜ್ಜ ಕೋಲನ್ನು ಎಡಗೈಯಿಂದ ಬಲಗೈಗೆ ಬದಲಿಸಿದರು. ಎತ್ತಿದ ಸೊಂಟಗಳೆಲ್ಲ ಮೆಲ್ಲಗೆ ಕೆಳಗಿಳಿದವು. ಹೌದು, ಎದ್ದರೆ ಪದ್ಧತಿ ಮುರಿಯುತ್ತದೆ. ನಾಳೆ ತಮ್ಮ ಮನೆಯ ಹೊಸ್ತಿಲಿಗೆ ಯಾರು ಬಂದಾರು?

ಬಾಗಿಲು ಒಳಗಿನಿಂದ ತೆರೆಯಿತು. ಫಕೀರಪ್ಪ ನಿಂತಿದ್ದ. ಕಣ್ಣು ಕೆಂಪಾಗಿ, ಉಸಿರು ಬುಸುಗುಡುತ್ತ, ಎಡಗೈಗೆ ಒಂದು ಹುರಿ ಸುತ್ತಿಕೊಂಡು. ಎದುರಿಗೆ ಇಡೀ ಊರು ಕೂತಿತ್ತು.

"ಏನ್ ಮಾಡಾಕತ್ತೀರಿ ಎಲ್ಲಾರೂ ನಮ್ಮ ಮನಿ ಮುಂದ?"

ನನಗೆ ಒಂದೇ ಮಾತು ಬಾಯಿಗೆ ಬಂತು.

"ನೀರು ಕೊಡು ಫಕೀರಪ್ಪಣ್ಣಾ."

"ಏನಂದಿ?"

"ನೀರಡಿಕಿ ಆಗೈತಿ," ಎಂದಳು ಅಜ್ಜಿ. "ಎಲ್ಲಾರಿಗೂ. ನಿನ್ನ ಕೈಯಾರೆ."

ಅವನು ಅಡಿವೆಪ್ಪಜ್ಜನ ಮುಖ ನೋಡಿದ. ಅಡಿವೆಪ್ಪಜ್ಜ ಒಂದು ಸಲ ಕೆಮ್ಮಿ, ಬೇರೆ ಯಾರದೋ ದನಿಯಲ್ಲಿ ಹೇಳಿದರು: "ತಾರಪ್ಪಾ. ಪದ್ಧತಿ ಐತಿ."

ಫಕೀರಪ್ಪ ಹುರಿ ಬಿಚ್ಚಿ ಎಸೆದು ಕೊಡ ಎತ್ತಿದ. ಒಬ್ಬೊಬ್ಬರಿಗೆ ಬಗ್ಗಿ ಬಗ್ಗಿ ನೀರು ಹಾಕಿದ. ಕೊಡ ಖಾಲಿಯಾಯಿತು, ಬಾವಿಗೆ ಹೋದ. ಮತ್ತೆ ಬಂದ, ಮತ್ತೆ ಹೋದ. ಕುಡಿದವರು ಮತ್ತೆ ಬೊಗಸೆ ಒಡ್ಡಿದರು. ಮೌನಪ್ಪನಂತೂ ಹೊಟ್ಟೆ ಬಿರಿಯುವಷ್ಟು ಕುಡಿದ, ಕುಡಿಯುತ್ತ "ಬೆಣಿ ಬಡದನಲ್ಲೋ ನಾನು, ಬರೇ ಬೆಣಿ ಬಡದನಲ್ಲೋ" ಎನ್ನುತ್ತಿದ್ದ. ಆದರೂ ಬಾಗಿಲು ನಡುಗುವುದನ್ನು ನಿಲ್ಲಿಸಲಿಲ್ಲ. ಅಣ್ಣತಮ್ಮಂದಿರ ಜಗಳಕ್ಕೆ ಸಾಕಾಗುತ್ತಿದ್ದ ನೀರು ಇದಕ್ಕೆ ಸಾಕಾಗಲಿಲ್ಲ.

ಅವನು ಬಾವಿಗೆ ಹೋಗಿದ್ದಾಗ ಸಾವಂತ್ರಕ್ಕ ಹೊರಗೆ ಬಂದಳು. ಜನರನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದಳು. ಕೊರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು.

ನಮ್ಮದು ಹಗ್ಗದವರ ಊರು. ಹಗ್ಗದ ಗುರುತು ಓದಲು ನಮಗೆ ಯಾರೂ ಕಲಿಸಬೇಕಿಲ್ಲ. ಮೂರೆಳೆಯ ಹುರಿ. ಊರಿಗೆಲ್ಲ ಬಲಕ್ಕೆ ತಿರುವುವ ರೂಢಿ, ಎಡಕ್ಕೆ ತಿರುವುವ ಎಡಚ ಫಕೀರಪ್ಪ ಒಬ್ಬನೇ. ಆ ತಿರುವು ಸಾವಂತ್ರಕ್ಕನ ಕೊರಳಿನಲ್ಲಿ, ಹಳೆಯದರ ಮೇಲೆ ಹೊಸದು, ಅಚ್ಚೊತ್ತಿದ ಹಾಗೆ ಕಾಣುತ್ತಿತ್ತು. ಮಕ್ಕಳು ಸಹ ಓದಿದರು.

"ನಾ ಹೊಂಟೆ," ಎಂದಳು ಸಾವಂತ್ರಕ್ಕ.

ಕೊಡ ಹೊತ್ತು ಬಂದ ಫಕೀರಪ್ಪನಿಗೆ ಅದು ಕೇಳಿಸಿತು. "ಹೋಗು. ಎಲ್ಲಿಗಾರ ಹೋಗು."

"ನನ್ನ ಬಾಗಿಲಾ ತಗೊಂಡು ಹೊಂಟೆ. ನಮ್ಮಪ್ಪ ಕೊಟ್ಟದ್ದು ಅದು."

ಬಾಗಿಲು ಬೀದಿಯಲ್ಲಿ ಹೋಗುವುದೆಂದರೆ ನಮಗೆ ಒಂದೇ ಅರ್ಥ. ಯಾರ ಜೀವವೂ ಹೋಗದೆ ಬಾಗಿಲು ಹೋದದ್ದನ್ನು ಯಾರೂ ನೋಡಿರಲಿಲ್ಲ, ಯಾವ ಕಥೆಯಲ್ಲೂ ಕೇಳಿರಲಿಲ್ಲ. ಮೊದಲು ಎದ್ದವನು ಮೌನಪ್ಪ. ಚೀಲದಿಂದ ಉಳಿ ತೆಗೆದ. ಗೋಡೆಯ ಮಣ್ಣಿಗೆ ಉಳಿ ತಾಗಿತೋ ಇಲ್ಲವೋ, ಬಾಗಿಲು ಚೌಕಟ್ಟಿನ ಸಮೇತ ತಾನಾಗಿಯೇ ಸಡಿಲಿಸಿಕೊಂಡು ಅವನ ಹೆಗಲಿಗೆ ಒರಗಿತು. ಕೂಸಿನ ಹಾಗೆ! ನಾಲ್ಕು ಜನ ಗಂಡಸರು ಹೆಗಲು ಕೊಟ್ಟರು. ಬೀದಿಯ ತೋರಣಗಳ ಕೆಳಗೆ ಮೆರವಣಿಗೆ ಹೊರಟಿತು. ಈ ಸಲ ಸಾವಂತ್ರಕ್ಕ ಮುಂದೆ, ಬಾಗಿಲು ಹಿಂದೆ. ನಾನು ಚಿಕ್ಕವಳಿದ್ದಾಗಿನಂತೆಯೇ ಪಕ್ಕದಲ್ಲಿ ಓಡುತ್ತಿದ್ದೆ, ಅದರ ಸುತ್ತು ಗೆರೆಗಳನ್ನು ನೋಡುತ್ತ. ಬೀದಿಯ ಕೊನೆಯಲ್ಲಿ ದಾರಿ ಕವಲಾಗುತ್ತದೆ, ಮೂಡಲಿಗೆ ಹೋದರೆ ಗುಡ್ಡ. ಅಲ್ಲಿಗೆ ಬಂದಾಗ ಬಾಗಿಲು ಹೊತ್ತವರ ಹೆಗಲ ಮೇಲೆ ಒಮ್ಮೆ ಮೂಡಲಿಗೆ ವಾಲಿತು. ಹೊತ್ತವರು ತೂರಾಡಿದರು.

"ಆ ಕಡೆ ಅಲ್ಲಽ," ಎಂದಳು ಸಾವಂತ್ರಕ್ಕ, ಹಟ ಮಾಡುವ ಕರುವಿಗೆ ಹೇಳುವಂತೆ. "ಬಾ."

ಬಾಗಿಲು ಬಂತು. ಎಲ್ಲರೂ ಬಂದ ಬೀದಿಯಲ್ಲೇ ಹಿಂದಿರುಗಿದೆವು.

"ಎಲ್ಲಿ ನಿಂದ್ರಸೂದವ್ವಾ ಇದನ್ನ?" ಮೌನಪ್ಪ ಕೇಳಿದ.

ಸಾವಂತ್ರಕ್ಕನಿಗೂ ಗೊತ್ತಿರಲಿಲ್ಲ. ತವರಿನಲ್ಲಿ ಈಗ ಯಾರೂ ಇಲ್ಲ. ಅಷ್ಟರಲ್ಲಿ ನೀಲವ್ವಜ್ಜಿ ನಮ್ಮ ಮನೆಯ ಮುಂದೆ ನಿಂತು, ಇಳಿಬಿಟ್ಟ ಹಗ್ಗಗಳನ್ನು ಎರಡೂ ಕೈಯಿಂದ ಸರಿಸಿ ಹಿಡಿದುಕೊಂಡಿದ್ದಳು.

"ಇಲ್ಲಿ ಜಾಗಾ ಐತಿ ನೋಡು ತಂಗಿ."

"ಅಜ್ಜೀ, ನಿಮ್ಮ ಮನಿಗೆ ಬಾಗಿಲಾ ನಿಲ್ಲಂಗಿಲ್ಲಲ್ಲ," ಎಂದ ಮೌನಪ್ಪ.

"ಸತ್ತ ಮನಿಗೆ ಹೊಸಾ ಬಾಗಿಲಾ ನಿಲ್ಲಂಗಿಲ್ಲ ಖರೆ. ಉಳಕೊಂಡು ಬಂದ ಬಾಗಿಲಾ ಯಾರರ ನಿಲ್ಲಿಸಿ ನೋಡ್ಯಾರೇನು? ಕಟ್ಟೋ ಸುಮ್ಮನ."

ಹಬ್ಬದ ಊಟ ಆ ದಿನ ನಮ್ಮ ಮನೆಯ ಮುಂದೆಯೇ ಆಯಿತು, ಆರಿದ ಹೋಳಿಗೆ, ಆರಿದ ಸಾರು. ಗುಡ್ಡದ ದಾರಿಗೆ ಹಗ್ಗ ಕಟ್ಟುವ ಮಾತನ್ನು ಯಾರೂ ಎತ್ತಲಿಲ್ಲ. ಅಡಿವೆಪ್ಪಜ್ಜ ಕೋಲು ಊರಿಕೊಂಡು ಒಬ್ಬರೇ ಗುಡ್ಡ ಹತ್ತಿ ಹೋದರು. ಕೊನೆಯ ಬಾಗಿಲು ದಾಟಿ ಮೇಲೆ ಮೇಲೆ ಹೋಗುವುದು ಬೀದಿಯಿಂದ ಕಾಣುತ್ತಿತ್ತು. ಪ್ರತಿ ಕದದ ಮುಂದೆಯೂ ಒಂದಿಷ್ಟು ನಿಲ್ಲುತ್ತಿದ್ದರು. ಫಕೀರಪ್ಪನ ಮನೆ ಬೀದಿಯ ಕಡೆಗೆ ಬಾಯಿ ತೆರೆದುಕೊಂಡಿತ್ತು. ಹೋಗಿ ಬರುವವರಿಗೆಲ್ಲ ಅವನು ಒಳಗೆ ಕೂತಿರುವುದು ಕಾಣುತ್ತಿತ್ತು.

ಬೆಳಿಗ್ಗೆ ಕಣ್ಣು ಬಿಟ್ಟವಳೇ ಎದ್ದು ನೋಡಿದೆ. ಬಾಗಿಲು ನಿಂತಿತ್ತು! ಮುಟ್ಟಿದೆ. ಕಿವಿ ಇಟ್ಟೆ. ದುಂಬಿ ಇಲ್ಲ, ಏನಿಲ್ಲ, ಬರೀ ಬೇವಿನ ಕಹಿ ವಾಸನೆ. ಅಜ್ಜಿಯನ್ನು ಎಬ್ಬಿಸದೆ ಕೊಡ ತೆಗೆದುಕೊಂಡು ಕುಣಿಯುತ್ತ ಬಾವಿಗೆ ಹೋದೆ. ಬಾವಿಕಟ್ಟೆಯಲ್ಲಿ ಎದುರಾದವರಿಗೆಲ್ಲ ಕೂಗಿ ಹೇಳಿದೆ, "ನಿಂತೈತಿ! ನಮ್ಮ ಬಾಗಿಲಾ ನಿಂತೈತಿ!" ಮರಳಿ ಬಂದರೆ ಸಾವಂತ್ರಕ್ಕ ಎದ್ದು, ಬಾಗಿಲು ಮುಂದಕ್ಕೆ ಎಳೆದು, ಒಳಗಿನಿಂದ ಚಿಲಕ ಹಾಕಿದ್ದಳು.

ಹುಟ್ಟಿದಾಗಿನಿಂದ ನನ್ನ ಮನೆಯ ಮುಂದೆ ನಾನು ನಿಂತು ಕಾದವಳಲ್ಲ. ಹಗ್ಗ ಸರಿಸಿ ನುಗ್ಗಿ ಗೊತ್ತೇ ಹೊರತು ಬಡಿದು ಗೊತ್ತಿಲ್ಲ. ಎಲ್ಲಿ ಬಡಿಯಬೇಕು, ಎಷ್ಟು ಜೋರಾಗಿ, ಎಷ್ಟು ಸಲ? ಸೊಂಟದ ಕೊಡ ತುಳುಕಿ ಕಾಲ ಮೇಲೆ ನೀರು ಚೆಲ್ಲಿತು. ಬೆರಳ ಗೆಣ್ಣಿನಿಂದ ಸುತ್ತು ಗೆರೆಗಳ ನಟ್ಟನಡುವೆ ಮೆಲ್ಲಗೆ ಬಡಿದೆ.

ಒಳಗೆ ಬಳೆಗಳ ಸದ್ದು ನಿಂತಿತು. ಅಜ್ಜಿ ಏನೋ ಪಿಸುಗುಟ್ಟಿ ನಕ್ಕಳು. ಆಮೇಲೆ ಸಾವಂತ್ರಕ್ಕನ ದನಿ, ಗಂಟಲು ಇನ್ನೂ ಒಡೆದೇ ಇತ್ತು, ಆದರೂ ಜಬರ್ದಸ್ತಾಗಿ ಬಂತು:

"ಯಾರು?"